ಹದಿನೇಳನೆಯ ಪುಟದ ದೇವರು

ಹೋದ ವಾರ ಮಂಗಳವಾರ ಬೆಳಿಗ್ಗೆ ನಾನು ಒಬ್ಬ ದೇವರನ್ನು ಬೋರಲು ಮಲಗಿಸಿ, ಬೆನ್ನಿನ ಮೊಳೆ ಕೀಳುತ್ತಿದ್ದೆ.

ಗಾಬರಿಯಾಗಬೇಡಿ. ಅದೇ ನನ್ನ ಕಸುಬು. ಜಯನಗರದಲ್ಲಿ ಪಟಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಮುಂದೆ ಗಾಜು, ಸುತ್ತ ಮರದ ಪಟ್ಟಿ, ಹಿಂದೊಂದು ರಟ್ಟು, ಮೇಲೆ ನೇತುಹಾಕಲು ಕೊಂಡಿ. ಈ ಬಡಾವಣೆಯಲ್ಲಿ ದಿನ ಬೆಳಗಾದರೆ ಯಾರದಾದರೂ ಗೃಹಪ್ರವೇಶ. ಮನೆ ಕಟ್ಟುವಾಗ ಎಂಜಿನಿಯರನ್ನು ಕೇಳುತ್ತಾರೆ, ಬಾಗಿಲು ನಿಲ್ಲಿಸುವಾಗ ಜೋಯಿಸರನ್ನು ಕೇಳುತ್ತಾರೆ, ಗೋಡೆ ಬೋಳು ಬೋಳಾಗಿ ಕಂಡ ಮೇಲೆ ನನ್ನ ಹತ್ತಿರ ಬರುತ್ತಾರೆ. ಲಕ್ಷ್ಮಿ, ಸರಸ್ವತಿ, ತೀರಿಹೋದ ಅಪ್ಪ, ಬದುಕಿರುವ ಮಂತ್ರಿ. ನನ್ನ ಅಂಗಡಿಯಲ್ಲಿ ಎಲ್ಲರಿಗೂ ಒಂದೇ ಸುತ್ತಿಗೆ.

(ಮಂತ್ರಿಗಳ ಕಟ್ಟಿಗೆ ಮಾತ್ರ ಮೊಳೆ ಸ್ವಲ್ಪ ಸಡಿಲ ಬಿಡುತ್ತೇನೆ. ಯಾವಾಗ ಬದಲಾಯಿಸಬೇಕಾಗುತ್ತದೋ, ಯಾರು ಕಂಡವರು?)

ನನ್ನ ಇನ್ನೊಂದು ಚಟ ಈ ಅಂಕಣ ಓದುವವರಿಗೆ ಹೊಸದಲ್ಲ. ಹಳೇ ಕಾಲದ, ಚಿತ್ರವಿರುವ, ಮಕ್ಕಳ ಪದ್ಯದ ಪುಸ್ತಕಗಳನ್ನು ಕೂಡಿಡುತ್ತೇನೆ. ಕಲ್ಲಚ್ಚಿನಲ್ಲಿ ಬಣ್ಣ ಬಣ್ಣವಾಗಿ ಮೂಡಿದ ನವಿಲು, ಕೊಡೆ ಹಿಡಿದ ಕಪ್ಪೆ, ದಿಬ್ಬಣ ಹೊರಟ ಇಲಿಗಳು. ಗಾಜು ಕೊಯ್ಯುವಾಗ ಆ ಹಾಡುಗಳನ್ನು ಹೇಳಿಕೊಳ್ಳುತ್ತೇನೆ. ಕೈ ತಪ್ಪುವುದಿಲ್ಲ.

"ಏನು ಗುರುವೇ, ಬಿಟ್ಟ ಸ್ಕೂಲು ಈಗ ಮುಗಿಸ್ತಾ ಇದೀಯಾ?" ಅಂತ ನಗುವವರಿದ್ದಾರೆ. ನಗಲಿ. ನಾಲ್ಕನೇ ಕ್ಲಾಸಿನಲ್ಲಿ ಸ್ಲೇಟು ಕೆಳಗಿಟ್ಟು ಉಳಿ ಹಿಡಿದವನು ನಾನು. ಅಂದಿನಿಂದ ಯಾರ ಬಾಗಿಲಿಗೂ ಕೈ ಚಾಚಿ ಹೋದವನಲ್ಲ. ನನ್ನ ದುಡ್ಡು, ನನ್ನ ಕಪ್ಪೆ.

ಈ ಚಟದಲ್ಲಿ ನನಗೊಬ್ಬ ಎದುರಾಳಿ. ಪಕ್ಕದ ರಸ್ತೆಯ ರಿಟೈರ್ಡ್ ಅಮಲ್ದಾರರು, ಒಂದು ಕಾಲಕ್ಕೆ ತಾಲ್ಲೂಕು ಆಳಿದವರು. ಬಿಳಿಯರು ದಂಡಿನ, ಅಂದರೆ ಕಂಟೋನ್ಮೆಂಟಿನ, ಬಂಗಲೆಗಳನ್ನು ಖಾಲಿ ಮಾಡುವಾಗ ಹರಾಜಿನಲ್ಲಿ ಹಿಡಿದ ಇಂಗ್ಲಿಷ್ ಮಕ್ಕಳ ಪದ್ಯಗಳು ಅವರ ಮನೆಯಲ್ಲಿ ಒಂದು ಬೀರು ತುಂಬ ಇವೆ. ಬೀರುವಿಗೆ ಗಾಜು ಕೂರಿಸಿದವನು ನಾನೇ. ಬೀಗದ ಕೈ ಅವರ ಜನಿವಾರದಲ್ಲಿ. ಮೊಮ್ಮಕ್ಕಳು ಬೇಕಾದರೆ ಗಾಜಿಗೆ ಮೂಗು ಒತ್ತಿ ನೋಡಬಹುದು, ನೋಡಿದ ಮೇಲೆ ಗಾಜು ಒರೆಸಬೇಕು. ಮಕ್ಕಳ ಪುಸ್ತಕಕ್ಕೆ ಮಕ್ಕಳಿಗಿಂತ ದೊಡ್ಡ ಶತ್ರು ಇಲ್ಲ ಅನ್ನುವುದು ಅವರ ಸಿದ್ಧಾಂತ.

ದಿನಾ ಬೆಳಿಗ್ಗೆ ನನ್ನ ಸ್ಟೂಲಿನ ಮೇಲೆ ಕೂತು ನನ್ನ ಪೇಪರು ಓದುತ್ತಾ ನನ್ನನ್ನೇ ಆಡಿಕೊಳ್ಳುತ್ತಾರೆ. "ನಿಮ್ಮದನ್ನ ಕಲೆಕ್ಷನ್ ಅಂತಾರೇನ್ರೀ? ರದ್ದಿ ಅಂತಾರೆ. ನಿಮ್ಮ ಬೆಸ್ಟ್ ಪುಸ್ತಕದಲ್ಲೇ ಹಾಳೆ ಇಲ್ಲ!"

ಮಾತು ಚುಚ್ಚುತ್ತದೆ. ಯಾಕೆಂದರೆ ನಿಜ.

ಆ ಪುಸ್ತಕ ನನಗೆ ಸಿಕ್ಕಿದ್ದು ಪಕ್ಕದ ಹಳ್ಳಿ ಯಡಿಯೂರಿನ ಕೆರೆ ಏರಿಯ ಮೇಲೆ. ಕಡಲೆಕಾಯಿ ಮಾರುವ ಹೆಂಗಸು ಅದರ ಹಾಳೆ ಕಿತ್ತು ಪೊಟ್ಟಣ ಕಟ್ಟಲು ಆಗತಾನೆ ಶುರುಮಾಡಿದ್ದಳು. ಹೊದಿಕೆ, ಹೆಸರಿನ ಹಾಳೆ ಎರಡೂ ಕಡಲೆಕಾಯಿಯ ಜೊತೆ ಹೊರಟುಹೋಗಿದ್ದವು. ಉಳಿದದ್ದನ್ನು ಕೇಳಿ ಕೊಂಡುತಂದೆ. ಪದ್ಯಗಳೆಲ್ಲ ಇದ್ದವು, ಒಂದು ಹಾಳೆ ಬಿಟ್ಟು. ಹದಿನೇಳನೆಯ ಪುಟದ ಹಾಳೆ. ಅದು ಪೊಟ್ಟಣಕ್ಕೆ ಹೋದದ್ದಲ್ಲ. ಯಾರೋ ಎಂದೋ ಕತ್ತರಿಯಲ್ಲಿ ಕತ್ತರಿಸಿಕೊಂಡಿದ್ದರು, ಅದೂ ಹಾವು ಹರಿದ ಹಾಗೆ ಸೊಟ್ಟಗೆ. ಹದಿನಾರನೆಯ ಪುಟದ ಹಾಡು ಹೀಗೆ ನಿಂತುಹೋಗುತ್ತದೆ:

ಅಮ್ಮನು ಕೆರೆಕಡೆ ಹೋದಾಗ
ಅಜ್ಜಿಯು ತೂಕಡಿಸಿರುವಾಗ
ತಿಮ್ಮನು ಮೆಲ್ಲಗೆ ಬಂದನು ಒಳಗೆ
ಬೆಲ್ಲದ ಗಡಿಗೆಗೆ ಕೈಹಾಕಿ

ಹಾಕಿ? ಮುಂದೆ? ಬೆಲ್ಲ ಸಿಕ್ಕಿತೇ? ಅಜ್ಜಿ ಎದ್ದಳೇ? ವರ್ಷಗಟ್ಟಲೆ ತಿಮ್ಮನ ಕೈ ಗಡಿಗೆಯಲ್ಲೇ ಇತ್ತು, ನನ್ನ ಜೀವವೂ ಅಲ್ಲೇ ಇತ್ತು. ಆ ಒಂದು ಹಾಳೆ ಸಿಕ್ಕಿದರೆ ಹಾಡು ಮುಗಿಯುತ್ತದೆ, ಪುಸ್ತಕ ಪೂರ್ತಿಯಾಗುತ್ತದೆ, ಮುಖ್ಯವಾಗಿ ಅಮಲ್ದಾರರ ಬಾಯಿ ಮುಚ್ಚುತ್ತದೆ.

ಈಗ ಬೋರಲು ಮಲಗಿದ ದೇವರಿಗೆ ಬರೋಣ.

ತಂದವರು ಯಡಿಯೂರಿನ ಹಳೇ ಪಟೇಲರ ಸೊಸೆ ಪುಟ್ಟತಾಯಮ್ಮ. ಹೊಲ ಹೋಗಿ ಸೈಟಾಗಿ, ಸೈಟು ಹೋಗಿ ಬಾಡಿಗೆ ಮನೆಗಳಾಗಿ, ಈಗ ಆ ಮನೆಗೆ ಅವರೇ ಯಜಮಾನಿ. ದೇವರ ಮನೆಯ ಬಾಲಕೃಷ್ಣನ ಪಟದ ಕಟ್ಟಿಗೆ ಗೆದ್ದಲು ಹಿಡಿದಿತ್ತು. ಹೊಸ ಕಟ್ಟು ಆಗಬೇಕಿತ್ತು.

"ಉಷಾರು ಕಣಪ್ಪ," ಅಂದರು. "ನಾನು ಮದ್ವೆಯಾಗಿ ಬಂದಾಗಿಂದ ದೀಪ ಅಚ್ಚಿರೋ ದೇವ್ರು. ಕಣ್ಣು ನೋಡು, ನೀರು ತುಂಬ್ಕೊಂಡವ್ನೆ. ನಮ್ಮ ಮನೆ ಕಷ್ಟ ಕಂಡು ಅಳ್ತಾನೆ. ಆದ್ರೂ ನಗ್ತಾನೆ. ಇಂಥ ಕೃಷ್ಣನ್ನ ಇನ್ನೆಲ್ಲಾದ್ರೂ ಕಂಡಿದ್ದೀಯಾ?"

ನಾನು ಕಂಡಿರಲಿಲ್ಲ. ದುಂಡು ಮುಖದ ಹುಡುಗ, ಜುಟ್ಟಿನಲ್ಲಿ ನವಿಲುಗರಿ. ಒಂದು ಕೈ ಗಡಿಗೆಯೊಳಗೆ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಬೆಣ್ಣೆ ಯಾಕಮ್ಮ ಕಂದು ಬಣ್ಣ ಇದೆ?"

"ಎಷ್ಟು ವರ್ಷದ ಬೆಣ್ಣೆ! ಮಾಸಲ್ವಾ?" ಅಂದು ಪುಟ್ಟತಾಯಮ್ಮ ಸೊಪ್ಪು ತರಲು ಹೋದರು.

ನಾನು ಮೊಳೆ ಕಿತ್ತೆ. ರಟ್ಟು ತೆಗೆದೆ. ಪಟದ ಬೆನ್ನಿನ ಮೇಲೆ ದಪ್ಪ ಅಕ್ಷರಗಳಲ್ಲಿ ಪದ್ಯ! ಮೇಲೆ ಹದಿನೆಂಟು ಅಂತ ಪುಟದ ಅಂಕಿ.

ಬೆಲ್ಲದ ಜೊತೆಯಲಿ ಇರುವೆಯ ದಂಡು
ಬೆರಳಿಗೆ ಕಚ್ಚಿತು ಬಾಯ್ತೆರೆದು
ಅತ್ತರೆ ಅಜ್ಜಿಗೆ ಗೊತ್ತಾಗುವುದು
ನಕ್ಕನು ತಿಮ್ಮನು ಕಣ್ಣೊರಸಿ

ಕೈಯಲ್ಲಿದ್ದ ಇಕ್ಕಳ ಬಿತ್ತು.

ಒಳಗೆ ಓಡಿ ಪುಸ್ತಕ ತಂದೆ. ಕತ್ತರಿಸಿದ ಅಂಚಿಗೆ ಹಾಳೆ ಹಿಡಿದೆ. ಒಂದೊಂದು ಸೊಟ್ಟವೂ ಇನ್ನೊಂದು ಸೊಟ್ಟದಲ್ಲಿ ಕೂತಿತು, ಬಾಗಿಲು ಚೌಕಟ್ಟಿನಲ್ಲಿ ಕೂತ ಹಾಗೆ. ಜುಟ್ಟಿನ ನವಿಲುಗರಿ ಮಾತ್ರ ಅಚ್ಚಿನದಲ್ಲ, ಯಾರೋ ಇಂಕಿನಲ್ಲಿ ಬರೆದದ್ದು. ಒಂದು ಗರಿ ಸಿಕ್ಕಿಸಿ ತಿಮ್ಮನಿಗೆ ಪ್ರಮೋಷನ್ ಕೊಟ್ಟಿದ್ದರು. (ನಮ್ಮ ಊರಿನಲ್ಲಿ ಎಷ್ಟೋ ಪ್ರಮೋಷನ್ನುಗಳು ಇದಕ್ಕಿಂತ ಕಡಿಮೆ ಖರ್ಚಿನಲ್ಲಿ ಆಗಿವೆ.)

ಸ್ಟೂಲಿನ ಮೇಲಿದ್ದ ಅಮಲ್ದಾರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಅಯ್ಯೋ, ಬೆಲ್ಲಗಳ್ಳನಿಗೆ ಮಂಗಳಾರತಿ ಎತ್ತಿದಾರಲ್ರೀ! ಆಕೆ ಬರಲಿ, ಹೇಳ್ಬಿಡಿ. ದೇವರಲ್ಲ ಅಂತ ಗೊತ್ತಾದ್ರೆ ಆಕೆಗ್ಯಾಕೆ ಬೇಕು ಈ ಕಾಗದ? ಒಂದು ಕ್ಯಾಲೆಂಡರ್ ಕೃಷ್ಣನಿಗೆ ಕಟ್ಟು ಹಾಕಿ ಕೊಡಿ, ಹಾಳೆ ನಿಮ್ಮದು."

"ಹೇಳದೆ ಬದಲಾಯಿಸಿದರೂ ಗೊತ್ತಾಗಲ್ಲ ಅಂತೀರಾ?"

"ನಾನು ಹಾಗಂದ್ನಾ? ಅದು ನಿಮಗೆ ಬಿಟ್ಟಿದ್ದು," ಅಂದರು, ಹಿಂದಿನ ಆಫೀಸಿನ ಧ್ವನಿಯಲ್ಲಿ.

ಗಿರಾಕಿಯ ದೇವರನ್ನು ಬದಲಾಯಿಸುವ ಕೆಲಸ ನನ್ನ ಅಂಗಡಿಯಲ್ಲಿ ನಡೆಯುವುದಿಲ್ಲ. ಕೇಳಿಯೇ ತೆಗೆದುಕೊಳ್ಳುವುದು ಅಂತ ತೀರ್ಮಾನಿಸಿದೆ. ನಿಜ ನನ್ನ ಕಡೆ ಇತ್ತಲ್ಲ?

ಪುಟ್ಟತಾಯಮ್ಮ ಸೊಪ್ಪಿನ ಚೀಲದೊಂದಿಗೆ ಬಂದರು. ಕೂರಿಸಿದೆ. ಹದಿನಾರನೆಯ ಪುಟ ಓದಿದೆ, ಹದಿನೆಂಟನೆಯ ಪುಟ ಓದಿದೆ. ನವಿಲುಗರಿಯ ಇಂಕು ತೋರಿಸಿದೆ. ಕೈ ಮೇಲಿನ ಕಪ್ಪು ಚುಕ್ಕೆಗಳು ಗೆದ್ದಲಿನ ಗುರುತಲ್ಲ, ಇರುವೆ ಅಂತಲೂ ತೋರಿಸಿದೆ.

"ಇನ್ನೊಂದ್ಸಲ ಓದು," ಅಂದರು.

ಓದಿದೆ.

"ಇರುವೆ ಕಚ್ಚಿ ಅಳ್ತಾವ್ನಾ?"

"ಹೌದಮ್ಮ."

"ನಮ್ಮತ್ತೆ ಸಾಯೋವಾಗ ಇವನ್ನೇ ನೋಡ್ಕಂಡು ಸತ್ರು," ಅಂದರು. ಅಮಲ್ದಾರರು ಪೇಪರಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸುತ್ತಿಗೆಯನ್ನು ಎತ್ತಿ ಅಲ್ಲಿಟ್ಟೆ, ಅಲ್ಲಿಂದ ಎತ್ತಿ ಇಲ್ಲಿಟ್ಟೆ.

ಪುಟ್ಟತಾಯಮ್ಮ ಸೆರಗಿನಿಂದ ತಿಮ್ಮನ ಮುಖದ ಧೂಳು ಒರೆಸಿದರು. "ಅಲ್ಲ ಕಣಪ್ಪ, ಬೆಣ್ಣೆ ಕದ್ದೋನಿಗೆ ಪೂಜೆ ಮಾಡ್ಬೋದು, ಬೆಲ್ಲ ಕದ್ದೋನಿಗೆ ಮಾಡ್ಬಾರ್ದಾ?"

ಇದಕ್ಕೆ ಉತ್ತರ ನಾಲ್ಕನೇ ಕ್ಲಾಸಿನವರೆಗೆ ಹೇಳಿಕೊಟ್ಟಿರಲಿಲ್ಲ. ಅಮಲ್ದಾರರು ಬಿ.ಎ. ಓದಿದವರು. ಅವರ ಕಡೆ ನೋಡಿದೆ.

"ಅದು ಸೂಪರ್‌ಸ್ಟಿಷನ್ನು ತಾಯಿ," ಅಂದರು ಅವರು.

"ಅಂಗಂದ್ರೆ?"

"ಮೂಢನಂಬಿಕೆ. ಕಾಗದದ ಚೂರಿಗೆ ಕೈ ಮುಗಿಯೋದು."

"ಕೈ ಮುಗಿದ್ರೆ ಅದು. ಬೀರುಗೆ ಬೀಗ ಹಾಕಿ ಜನಿವಾರಕ್ಕೆ ಕಟ್ಕಂಡ್ರೆ ಅದ್ಕೇನಂತಾರೆ ಸ್ವಾಮಿ?"

ಜಯನಗರ, ಯಡಿಯೂರಿನ ನಡುವೆ ಯಾವ ಸುದ್ದಿಯೂ ನಿಲ್ಲುವುದಿಲ್ಲ. ಅಮಲ್ದಾರರು ಮತ್ತೆ ಪೇಪರಿನ ಹಿಂದೆ ಹೋದರು.

"ನನ್ನ ಕೈಲಿ ಇಷ್ಟು ವರ್ಷ ನೈವೇದ್ಯ ತಿಂದವ್ನೆ," ಅಂದರು ಪುಟ್ಟತಾಯಮ್ಮ. "ಮೊದ್ಲು ಯಾರಾಗಿದ್ದ ಅನ್ನೋದು ನಂಗ್ಯಾಕೆ? ಈಗ ಕೃಷ್ಣ. ಕಟ್ಟಾಕು."

ಹಾಳೆ ಕೈ ತಪ್ಪುತ್ತಿತ್ತು. ಅಷ್ಟು ವರ್ಷ ಕಾದ ಹಾಳೆ. ಇಲ್ಲೇ ನಾನು ಭಾಷಣ ಶುರುಮಾಡಿದ್ದು. ಪುಸ್ತಕ ಅಂದರೆ ಒಂದು ದೇಹ ಇದ್ದ ಹಾಗೆ ಅಂದೆ. ಒಂದು ಹಾಳೆ ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ ಇರಬಾರದು ಅಂದೆ. ಅಗಲಿಸಿದ್ದನ್ನು ಸೇರಿಸುವುದು ದೊಡ್ಡ ಪುಣ್ಯ ಅಂತಲೂ ಅಂದೆ. (ಪುಣ್ಯದ ವಿಷಯ ನನಗೆ ಗೊತ್ತಿಲ್ಲ. ಆದರೆ ವ್ಯಾಪಾರದಲ್ಲಿ ಉಪಯೋಗಕ್ಕೆ ಬರುತ್ತದೆ.) ಕೊನೆಗೆ ಹಾಳೆಯನ್ನು ಪುಸ್ತಕದ ಅಂಚಿಗೆ ಹಿಡಿದು ತೋರಿಸಿದೆ. "ನೋಡಿ ತಾಯಿ. ಬೇರೆ ಸಾಕ್ಷಿ ಬೇಕಾ? ಈ ಹಾಳೆ ಈ ಪುಸ್ತಕದ್ದೇ!"

ಪುಟ್ಟತಾಯಮ್ಮ ಬಗ್ಗಿ ನೋಡಿದರು. ಬೆರಳಿನಿಂದ ಆ ಸೊಟ್ಟ ಅಂಚು ಸವರಿದರು.

"ನಮ್ಮ ಮಾವನೋರ ಕತ್ತರಿನೇ ಇದು. ಅವರ ಕೈ ನಡುಗ್ತಿತ್ತು. ಸ್ಕೂಲ್ ಇನ್‌ಸ್ಪೆಟ್ರು ಊಟಕ್ಕೆ ಬಂದಾಗ ಕೊಟ್ಟೋದ ಪುಸ್ತಕ ಅಂತಿದ್ರು. ನಮ್ಮ ಮೈದುನ ಪೆಟ್ಟಿಗೆ ಖಾಲಿ ಮಾಡೋವಾಗ ತೂಕಕ್ಕೆ ಹಾಕ್ಬುಟ್ಟ." ತಲೆಯೆತ್ತಿದರು. "ಆಳೆ, ಪುಸ್ತಕ ಒಂದೇ ಕಡೆ ಇರ್ಬೇಕು ಅಂದ್ಯಲ್ಲ?"

"ಹೌದು ತಾಯಿ."

"ಅಗಲ್ಸಿದ್ರೆ ಪಾಪ ಅಂದೆ?"

"ಸೇರಿಸಿದರೆ ಪುಣ್ಯ ಅಂದೆ."

"ಸರಿ. ಆಳೆ ನಮ್ಮನೇಲಿರ್ತದೆ. ಪುಸ್ತಕ ಕೊಡು."

ಪೇಪರು ಕೆಳಗಿಳಿಯಿತು. ಅಮಲ್ದಾರರು ಗಂಟಲು ಸರಿಮಾಡಿಕೊಂಡರು. ರಿಟೈರಾದ ಮೇಲೆ ತೀರ್ಪು ಕೊಡುವ ಅವಕಾಶ ಅವರಿಗೆ ಮನೆಯಲ್ಲೂ ಸಿಕ್ಕಿಲ್ಲ ಅಂತ ಕಾಣುತ್ತದೆ. "ಆಕೆ ಹೇಳೋದ್ರಲ್ಲಿ ಪಾಯಿಂಟ್ ಇದೆ ಕಣ್ರೀ," ಅಂದರು. "ವಾದ ನಿಮ್ಮದು, ಸಾಕ್ಷಿ ನಿಮ್ಮದು. ಆಕೆ ಸುಮ್ಮನೆ ಕೂತಿದ್ರು."

ನಾನು ದುಡ್ಡು ಕೊಟ್ಟು ಕೊಂಡದ್ದು ಅಂತ ಹೇಳಬಹುದಾಗಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಈಗತಾನೆ ದೇಹ, ಪುಣ್ಯ ಅಂತೆಲ್ಲ ಭಾಷಣ ಬಿಗಿದವನು ಕಡಲೆಕಾಯಿ ಪೊಟ್ಟಣದ ಲೆಕ್ಕ ತೆಗೆದ ಅಂತ ಅಮಲ್ದಾರರು ಇಡೀ ಬ್ಲಾಕಿಗೆ ಸಾರುತ್ತಿದ್ದರು. ಓದಿದವರು ಮಾತು ತಿರುಗಿಸಬಲ್ಲರು. ಅದಕ್ಕೆ ಬೇಕಾದ ಇಂಗ್ಲಿಷ್ ಪದಗಳು ಅವರಲ್ಲಿವೆ. ನನಗಿರುವುದು ಆಡಿದ ಮಾತು ಒಂದೇ.

ಕಟ್ಟು ಹಾಕಿದೆ. ಮೊಳೆ ಗಟ್ಟಿಯಾಗಿ ಹೊಡೆದೆ. ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ (ಅಮಲ್ದಾರರು ಓದುತ್ತಿದ್ದ ಹಾಳೆಯನ್ನೇ ಎಳೆದುಕೊಂಡೆ) ಪುಟ್ಟತಾಯಮ್ಮನ ಸೊಪ್ಪಿನ ಚೀಲದಲ್ಲಿಟ್ಟೆ. ದಂಟಿನ ಸೊಪ್ಪಿನ ಮೇಲೆ ತಿಮ್ಮ, ಅವನ ಅಜ್ಜಿ, ಅವನ ಬೆಲ್ಲ, ಎಲ್ಲ ಒಟ್ಟಿಗೆ ಯಡಿಯೂರಿಗೆ ಹೊರಟರು.

"ಒಂದು ಕಲೆಕ್ಷನ್ ಕಮ್ಮಿಯಾಯ್ತು," ಅಂದರು ಅಮಲ್ದಾರರು. ಅವತ್ತು ಅವರ ನಡಿಗೆಯಲ್ಲಿ ವಯಸ್ಸು ಕಾಣಲಿಲ್ಲ.

ಮೊನ್ನೆ ಬೆಳಿಗ್ಗೆ ಪುಟ್ಟತಾಯಮ್ಮ ಮತ್ತೆ ಬಂದರು. ಕೈಯಲ್ಲಿ ಪುಸ್ತಕ! ಒಳ್ಳೇ ಮನಸ್ಸಿನ ಹೆಂಗಸು, ವಾಪಸ್ಸು ತಂದಿದ್ದಾರೆ ಅಂತ ನನ್ನ ಎದೆ ಒಂದು ಕ್ಷಣ ಉಬ್ಬಿತು.

"ಮನೇರೆಲ್ಲ ಕೂತು ನೋಡಿದ್ವಿ ಕಣಪ್ಪ," ಅಂದರು, ಕಣ್ಣರಳಿಸಿ. "ಇದ್ರಲ್ಲಿ ಆಂಜನೇಯ ಅವ್ನೆ!"

ಪುಟ ತೆರೆದು ತೋರಿಸಿದರು. ಒಂದು ಕೋತಿ, ಒಂದು ಕೈಯನ್ನು ಮೇಲೆತ್ತಿದೆ, ಕೈಯ ಮೇಲೆ ಬೆಟ್ಟದಂಥ ಗಂಟು. ಸಂಜೀವಿನಿ ಪರ್ವತ ಅನ್ನಬೇಕು, ಹಾಗೇ ಇದೆ. ಆದರೆ ನನಗೆ ಆ ಪುಸ್ತಕ ಬಾಯಿಪಾಠ. ಅದು ಅಗಸನ ಬಟ್ಟೆಯ ಗಂಟು. ಮುಂದಿನ ಪುಟದಲ್ಲಿ ಅಗಸ ದೊಣ್ಣೆ ಹಿಡಿದು ಬರುತ್ತಾನೆ.

"ಮಾವನೋರ ಕತ್ತರಿ ಸೊಟ್ಟ. ನೀನು ಕಸುಬ್ದಾರ. ನೀನೇ ನೀಟಾಗಿ ಕತ್ತರ್ಸಿ ಕಟ್ಟಾಕು. ಶನಿವಾರದ ಪೂಜೆಗೆ ಬೇಕು," ಅಂದು ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರು.

"ಹಾಳೆ, ಪುಸ್ತಕ ಅಗಲಿಸಬಾರದು ಅಂದಿದ್ದೆನಲ್ಲ ತಾಯಿ?" ಅಂತ ನಾನು ಕೇಳಬೇಕಿತ್ತು. ಕೇಳಲಿಲ್ಲ.

ಪುಸ್ತಕ ಈಗ ನನ್ನ ಮುಂದಿದೆ. ಈ ಕೋತಿಗೆ ಇನ್ನೂ ನೈವೇದ್ಯ ಆಗಿಲ್ಲ. ಈಗಲೇ ನಿಜ ಹೇಳಿದರೆ ಕೋತಿ ಕೋತಿಯಾಗಿಯೇ ಉಳಿಯಬಹುದು, ಪುಟ ಪುಸ್ತಕದಲ್ಲೇ ಉಳಿಯಬಹುದು. ಆದರೆ ನಿಜ ಹೇಳಿ ಒಂದು ಸಲ ಪೂರ್ತಿ ಪುಸ್ತಕವನ್ನೇ ಕಳೆದುಕೊಂಡವನು ನಾನು. ಸುಮ್ಮನಿದ್ದರೆ ಹೋಗುವುದು ಒಂದೇ ಹಾಳೆ, ಅದೂ ನನ್ನ ಕೈಯಿಂದಲೇ. 

ಹೇಳಿ, ಶನಿವಾರದೊಳಗೆ ಬಾಯಿ ಬಿಡಲೋ, ಕತ್ತರಿ ಹಿಡಿಯಲೋ?