ರೇಡಿಯೋ ಜೋರು ಮಾಡುತ್ತಿದ್ದ ಅಂಕಲ್

“ಇವ್ರು ರೇಡಿಯೋ ಜೋರು ಮಾಡ್ದೆ ಸರ್ಕಾರದ ವಿಷ್ಯ ಮಾತಾಡೋದು ಈ ಜನ್ಮದಲ್ಲಿ ಆಗಲ್ಲ” ಎಂದವರು ಆಂಟಿ. ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದು ನಾನು ಓದುತ್ತಿದ್ದೆ. ಗಂಡ ಹೆಂಡತಿ ಫಿಜಿಯಿಂದ ಬಂದವರು. ಅಲ್ಲಿ ಆಗ ಸೈನ್ಯದ ಆಡಳಿತ. ನಮ್ಮ ಮಾತೆಲ್ಲ ಹಿಂದಿಯಲ್ಲಿ.

ಫಿಜಿಯಲ್ಲಿ ಸಕ್ಕರೆಯ ಬೆಲೆ ಏರಿದ್ದನ್ನು ಇಲ್ಲಿ ಕೂತು ಬೈಯಬೇಕಾದರೂ ಅಂಕಲ್ ಮೊದಲು ಕಿಟಕಿ ಮುಚ್ಚಿ, ಹೊರಗೆ ಯಾರಿಗೂ ಕೇಳಿಸದಿರಲೆಂದು ರೇಡಿಯೋ ಜೋರು ಮಾಡುತ್ತಿದ್ದರು. ನಾನು ಗೆಳೆಯರೊಡನೆ ಪಾರ್ಕಿಗೆ ಬಾರ್ಬೆಕ್ಯೂಗೆಂದು ಹೊರಟರೆ, “ಪರ್ಮಿಟ್ ತಗೊಂಡ್ಯೇನಪ್ಪ?” ಎನ್ನುತ್ತಿದ್ದರು. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವನು ನಾನು. ಬಾಯಿಬಿಟ್ಟು ಕೇಳದೆ ನನಗೆ ಏನೂ ಸಿಕ್ಕಿರಲಿಲ್ಲ. ಅವರ ಪಿಸುಮಾತು ನನಗೆ ಅರ್ಥವಾಗುತ್ತಿರಲಿಲ್ಲ.

ಒಮ್ಮೆ ಮನೆಯಲ್ಲಿ ರಾಮಾಯಣ ಓದಿಸಬೇಕೆಂದು ಅವರು ಇಸ್ತ್ರಿಯ ಅಂಗಿ ತೊಟ್ಟು, ನನ್ನನ್ನೂ ಕರೆದುಕೊಂಡು ಪೊಲೀಸ್ ಠಾಣೆಗೆ ಹೋದರು. ಫಿಜಿಯಲ್ಲಿ ನಾಲ್ಕು ಜನ ಸೇರಲೂ ಅಪ್ಪಣೆ ಬೇಕಿತ್ತಂತೆ. ಪೊಲೀಸಿನವನು ನಕ್ಕು, “ನಿಮ್ಮನೆ, ನಿಮ್ಮ ಪೂಜೆ. ನನ್ನನ್ನ್ಯಾಕೆ ಕೇಳ್ತೀರಿ?” ಎಂದ. ಅಂಕಲ್ ನಗಲಿಲ್ಲ. ಹಿಂದಿರುಗುವಾಗ ದಾರಿಯಲ್ಲಿ, “ನಿಜವಾಗ್ಲೂ ಪರ್ಮಿಟ್ ಬೇಡ್ವಾ? ಆಮೇಲೆ ಪೊಲೀಸ್ರು ಮನೆಗೆ ಬರಲ್ವಾ?” ಎಂದು ಮತ್ತೆ ಮತ್ತೆ ಕೇಳಿದರು.

ಕೆಲವು ವರ್ಷಗಳ ನಂತರ ಅವರಿಗೆ ಇಲ್ಲಿನ ಪೌರತ್ವ ಸಿಕ್ಕಿತು. ಸಮಾರಂಭದಲ್ಲಿ ನಮ್ಮ ವಾರ್ಡಿನ ಕೌನ್ಸಿಲರ್ ಸರ್ಟಿಫಿಕೇಟ್ ಕೊಟ್ಟು ಕೈಕುಲುಕಿದರು. ಅಂಕಲ್ ಕೌನ್ಸಿಲರ್ ಕೈ ಬಿಡದೆ, ಇಡೀ ಹಾಲಿಗೆ ಕೇಳುವಂತೆ, “ನಮ್ಮ ಬೀದಿ ದೀಪ ಕೆಟ್ಟು ತಿಂಗಳಾಯ್ತು. ಯಾವಾಗ ಸರಿ ಮಾಡಿಸ್ತೀರಿ?” ಎಂದರು.

ಪಕ್ಕದಲ್ಲಿದ್ದ ಆಂಟಿ ನನ್ನ ತೋಳು ಹಿಡಿದುಕೊಂಡರು.

“ಇಲ್ಲಿ ರೇಡಿಯೋನೇ ಇಲ್ವಲ್ಲೋ” ಎಂದರು.