ಕಾರ್ಡಿನ ಕಟ್ಟಿಗೆ ವಿಭೂತಿ

ಗೆಳೆಯರೇ, ಇವತ್ತು ಬೆಳಗಾವಿಯ ಕ್ಯಾಂಪ್ ಬಡಾವಣೆಯಲ್ಲಿ ಡೇಟಾಬೇಸ್ ಕೆಲಸದವರ ಸಮ್ಮೇಳನ. ಚಹಾದ ಹೊತ್ತಿಗೆ ಹುಡುಗರು ತಾವು ಅಳಿಸಿ ಕೆಡಿಸಿದ ಮಾಹಿತಿಯ ಕಥೆ ಹೇಳಿ ನಗುತ್ತಿದ್ದರು. ಒಬ್ಬಳು ನನ್ನನ್ನು ಕೇಳಿದಳು: “ಸರ್, ನಿಮ್ಮ ಕಾಲಕ್ಕ ಬ್ಯಾಕಪ್ ಇತ್ತೇನ್ರಿ?”

ನನ್ನ ಹಳೆಯ ಸಹೋದ್ಯೋಗಿ ದಸ್ತಗೀರ್ ಸಾಹೇಬರು ಚಹಾದ ಬಸಿಯಿಂದ ತಲೆ ಎತ್ತದೆ ಅಂದರು: “ಇತ್ತವ್ವಾ. ನಾ ಗೆರಿ ಹಾಕ್ತಿದ್ದೆ, ಇವ್ರು ಒರಸ್ತಿದ್ರು.”

ಒರೆಸಿದ್ದು ಒಂದೇ ಸಲ. ಎಂಬತ್ತರ ದಶಕದ ಶುರು. ಆಗ ಮಾಹಿತಿಯೆಲ್ಲ ತೂತು ಹೊಡೆದ ರಟ್ಟಿನ ಕಾರ್ಡುಗಳಲ್ಲಿ. ಕಟ್ಟು ಚೆಲ್ಲಿದರೆ ಮತ್ತೆ ಕ್ರಮವಾಗಿ ಜೋಡಿಸಲೆಂದು ಸಾಹೇಬರು ಅದರ ನೆತ್ತಿಯ ಮೇಲೆ ಪೆನ್ಸಿಲ್ಲಿನಿಂದ ಓರೆ ಗೆರೆ ಎಳೆದಿಡುತ್ತಿದ್ದರು. ಆಯುಧಪೂಜೆಯ ದಿನ ನಾನು ಅದು ಚಂದ ಕಾಣದೆಂದು ರಬ್ಬರಿನಿಂದ ಒರೆಸಿ, ನೆಟ್ಟಗೆ ಮೂರು ಬೆರಳು ವಿಭೂತಿ ಎಳೆದೆ.

ದಸರಾ ಮುಗಿದ ಮರುದಿನ, ಕಟ್ಟನ್ನು ಬೆಳಗಾವಿಯ ಕಂಪ್ಯೂಟರಿಗೆ ಒಯ್ಯಲೆಂದು ಖಾನಾಪುರ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ಕಾರ್ಡಿನ ಪೆಟ್ಟಿಗೆ ನನ್ನ ಕೈಜಾರಿತು. ನಮ್ಮ ಹೆಂಚಿನ ಕಾರ್ಖಾನೆಯ ಅಷ್ಟೂ ಕೆಲಸಗಾರರ ಹೆಸರು ಪ್ಲಾಟ್‌ಫಾರ್ಮಿನ ಮೇಲೆ ಹರಡಿತು.

“ಗೆರಿ ಎಲ್ಲೈತ್ರಿ?” ಅಂದರು ಸಾಹೇಬರು.

“ಪೂಜಾಕ್ಕಂತ ಒರಸೀನ್ರಿ.”

ಓರೆ ಗೆರೆಯಾದರೆ ಕಾರ್ಡಿನಿಂದ ಕಾರ್ಡಿಗೆ ಗುರುತು ತುಸು ಸರಿದಿರುತ್ತಿತ್ತು; ನೆಟ್ಟನೆಯ ವಿಭೂತಿ ಎಲ್ಲದರ ಮೇಲೂ ಒಂದೇ ಕಡೆ ಬಿದ್ದಿತ್ತು, ಅದರಿಂದ ಯಾವ ಕಾರ್ಡು ಮೊದಲು ಎಂದು ತಿಳಿಯುವಂತಿರಲಿಲ್ಲ. ಅವರು ಬೈಯಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ಒಂದೊಂದೇ ಕಾರ್ಡಿನ ಅಂಕಿ ನೋಡಿ ಜೋಡಿಸುವಷ್ಟರಲ್ಲಿ, ಲೋಂಡಾದಿಂದ ಬಂದ ಮುಂದಿನ ಗಾಡಿಯೂ ಹೋಯಿತು. ಆಗ ಸಾಹೇಬರು ಅಂದರು: “ಸೊಟ್ಟ ಹಚ್ಚಿದ್ರ ದೇವ್ರೇನು ಸಿಟ್ಟಾಗಾಂಗಿಲ್ರಿ.”

ಮುಂದೆ ಕಾರ್ಡುಗಳು ಇರುವವರೆಗೂ ಪ್ರತಿ ಆಯುಧಪೂಜೆಗೆ ನಮ್ಮ ಕಟ್ಟಿನ ಮೇಲೆ ವಿಭೂತಿ ಓರೆಯಾಗಿಯೇ ಬಿತ್ತು. ಹಚ್ಚುತ್ತಿದ್ದವರು ಸಾಹೇಬರೇ. ನನ್ನ ಭಕ್ತಿಯ ಮೇಲೆ ಅವರಿಗೆ ನಂಬಿಕೆ ಇತ್ತು, ಕೈ ಮೇಲೆ ಇರಲಿಲ್ಲ.