ಎಂಟನೆಯ ಮೀನು

ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಎತ್ತಿದ ಕೂಡಲೇ ಮೊದಲು ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆ ಕೋಳಿಪುಕ್ಕದ ಒಣ ಘಾಟು. ಅದಕ್ಕೂ ಹಿಂದೆ, ಇಷ್ಟು ವರ್ಷವಾದರೂ ಬಿಟ್ಟುಹೋಗದ ಮದಲೂರು ಕೆರೆಯ ಕೆಸರು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಕೊರಟಗೆರೆಯ ನಮ್ಮ ಮನೆಯ ಅಟ್ಟ ಗುಡಿಸುವಾಗ ಅವರ ಟ್ರಂಕಿನ ತಳದಲ್ಲಿ ಈ ಡಬ್ಬಿ ಸಿಕ್ಕಿತು. ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದೀತು. ಅದನ್ನು ತೆಗೆಯುವ ಮುಂಚೆ ಎರಡು ಸಲ ಯೋಚಿಸಿ ಎಂದಷ್ಟೇ ಹೇಳಬಲ್ಲೆ. ಮದಲೂರಿನಲ್ಲಿ ನಾವಿದ್ದ ಬಾಡಿಗೆ ಮನೆ ಈಗಿಲ್ಲ, ಆ ಜಾಗದಲ್ಲಿ ಹುಣಸೆಹಣ್ಣಿನ ಗೋದಾಮು ಎದ್ದಿದೆ. ಆದರೆ ಆ ವಾಸನೆ ನನ್ನನ್ನು ನೇರವಾಗಿ ಅದೇ ಮನೆಯ ಜಗಲಿಗೆ ಕರೆದೊಯ್ದು, ಕಂಬಕ್ಕೊರಗಿ ಕೂತ ತಂಗಿ ಗಿರಿಜೆಯ ಎದುರು ನಿಲ್ಲಿಸಿತು.

ಗಿರಿಜೆಗೆ ಆಗ ಏಳು ವರ್ಷ, ನನಗೆ ಹನ್ನೊಂದು. ಹುಟ್ಟಿದಾಗಿನಿಂದ ಅವಳ ಹೃದಯದಲ್ಲಿ ತೂತಿತ್ತು. ಹತ್ತು ಹೆಜ್ಜೆ ನಡೆದರೆ ನೇರಳೆಹಣ್ಣು ತಿಂದವಳಂತೆ ತುಟಿ ನೀಲಿಯಾಗುತ್ತಿತ್ತು, ಕುಕ್ಕರಗಾಲಲ್ಲಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದಳು. ಅಮ್ಮ ಸಿರಾದಿಂದ ಮಧುಗಿರಿಯವರೆಗೆ ಹರಕೆ ಹೊರದ ಗುಡಿ ಇರಲಿಲ್ಲ. ಅಪ್ಪ ಮೇಷ್ಟ್ರು. ಹರಕೆ, ತಾಯಿತ ಎಂದರೆ ಮುಖ ತಿರುಗಿಸುತ್ತಿದ್ದರು. ಅಂಥವರು ಒಂದು ದಿನ ಬಿದಿರಿನ ಗಳಕ್ಕೆ ತಂಗೂಸಿ ದಾರ, ಗಾಳ ಕಟ್ಟಿಕೊಂಡು ಕೆರೆಗೆ ಹೊರಟಾಗ ಊರಿಗೆ ಊರೇ ನಕ್ಕಿತು. ನಮ್ಮದು ಲಿಂಗ ಕಟ್ಟಿದ ಮನೆ, ಮೊಟ್ಟೆಯ ಸಿಪ್ಪೆಯೂ ಹೊಸಿಲು ದಾಟಿದ್ದಿಲ್ಲ. ಅಮ್ಮ ಆ ಗಳವನ್ನು ಹಿತ್ತಲಿನ ಸೌದೆಯ ಮರೆಗೆ ಸೇರಿಸಿದಳು. ಕೆರೆಯಿಂದ ಬಂದವರು ತಲೆಗೆ ನೀರು ಹುಯ್ದುಕೊಳ್ಳದೆ ಒಳಗೆ ಬರುವಂತಿರಲಿಲ್ಲ. ಇದು ಮೇಷ್ಟ್ರಿಗೆ ಹತ್ತಿದ ಖಯಾಲಿ ಎಂದೇ ಅವಳು ತಿಳಿದಿದ್ದಳು.

ಖಯಾಲಿಯಲ್ಲ ಎಂದು ಗೊತ್ತಿದ್ದದ್ದು ನನಗೊಬ್ಬನಿಗೆ. ಏರಿಯ ಮೇಲೆ ಕೂತು ಅಪ್ಪ ಹೇಳಿದ್ದರು. "ನಮ್ ಸೀಮೇಲಿ ಎಂಟು ತರದ ಮೀನವೆ ಕಣೋ. ಎಂಟ್ನೂ ಹಿಡ್ದು, ಜೀವಂತ ನೀರಿಗೆ ಬುಟ್ರೆ ನಮ್ ಗಿರಿಜೆ ಉಳ್ಕಂತಾಳೆ. ನಗಬೇಡ. ಅಮ್ಮಂಗೂ ಹೇಳಬೇಡ." ನಾನು ನಗಲಿಲ್ಲ. ಅವರ ಕಣ್ಣಿನಲ್ಲಿದ್ದ ಹತಾಶೆ ಕಂಡು ಹೆದರಿದೆ. ದೇವರನ್ನು ಕೇಳಲಾರದ ಮನುಷ್ಯ ತನಗೆ ತಾನೇ ಒಂದು ಹರಕೆ ಹೊತ್ತಿದ್ದ. ಅದಕ್ಕೊಂದು ಕಟ್ಟುಪಾಡೂ ಇತ್ತು. ಒಂದು ಜೀವ ಉಳಿಸಲು ಇನ್ನೊಂದು ಜೀವ ಚುಚ್ಚಬಾರದು. ಗಾಳಕ್ಕೆ ಎರೆಹುಳ ಸಿಕ್ಕಿಸುವಂತಿಲ್ಲ. ಅದಕ್ಕೇ ಅವರು ಸಿರಾದ ಕೋಳಿ ಅಂಗಡಿಯಿಂದ ಹುಂಜದ ಕತ್ತಿನ ಪುಕ್ಕ ತಂದು, ದಾರ ಸುತ್ತಿ, ಗಾಳದ ಮೇಲೆ ಮೀನು ನಂಬುವಂಥ ಹುಸಿ ನೊಣ ಕಟ್ಟುತ್ತಿದ್ದರು. "ಕೋಳಿ ಬುಟ್ಟು ಪುಕ್ಕ ಒಯ್ತೀರಲ್ಲ ಮೇಷ್ಟ್ರೇ, ಇದ್ಯಾವ ಹಿಸಾಬು" ಎಂದು ಅಂಗಡಿಯ ಸಾಬರು ಪುಗಸಟ್ಟೆಯೇ ಕೊಡುತ್ತಿದ್ದರು. ಗಾಳದ ಒಳಮುಳ್ಳನ್ನು ಅರದಿಂದ ಉಜ್ಜಿ ತೆಗೆಯುತ್ತಿದ್ದರು, ಮೀನಿನ ಬಾಯಿ ಹರಿಯಬಾರದೆಂದು.

ಆ ವರ್ಷ ಭಾನುವಾರಗಳೆಲ್ಲ ನೀರಿನ ದಂಡೆಯಲ್ಲೇ ಕಳೆದವು. ಜಯಮಂಗಲಿಯ ಮಡುವಿನಲ್ಲಿ ಬೆರಳುದ್ದದ ಪಕ್ಕೆ ಸಿಕ್ಕಿತು. ಮಧುಗಿರಿ ಬೆಟ್ಟದ ಕೆಳಗಿನ ಕೆರೆಯಲ್ಲಿ ಜಿಲೇಬಿ, ಗೆಂಡೆ. ಪಾವಗಡದ ಕಡೆಯೊಂದು ತೆರೆದ ಬಾವಿಯಲ್ಲಿ ಕುಚ್ಚುಮೀನು, ಬಾವಿಯ ಯಜಮಾನ ನೋಡುವಷ್ಟು ನೋಡಿ, "ಏಂದಿ ಸಾರೂ ಇದು, ತಿನ್ನಾಕಿಲ್ಲಾಂದ್ಮೇಲೆ ಹಿಡಿಯೋದೆಂದುಕು?" ಎಂದು ತೆಲುಗು ಬೆರೆಸಿ ಯಾಕೆಂದು ಕೇಳಿದ. ಅಪ್ಪ ಒದ್ದೆ ಕೈಯಲ್ಲಿ ಮೀನನ್ನು ಹಿಡಿದು ಅದು ಸುಧಾರಿಸಿಕೊಳ್ಳುವವರೆಗೆ ನೀರಿನಲ್ಲಿ ಆಡಿಸುತ್ತಿದ್ದರು. ಮನೆಗೆ ಬಂದು ಜಗಲಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಆ ಮೀನಿನ ಚಿತ್ರ ಬರೆಯುವರು. ಗಿರಿಜೆ ಅದರ ಮೀಸೆ ಎಣಿಸಿ, "ಇವನಿಗೆ ನಿಮ್ಮ ಹೆಡ್ಮಾಸ್ಟ್ರ ಮುಖ ಕಣಪ್ಪ" ಎನ್ನುವಳು. ಸಿಕ್ಕ ಮೀನಿನ ನೊಣವನ್ನು ಅಪ್ಪ ಚೀಟಿಯಲ್ಲಿ ಸುತ್ತಿ, ಹೆಸರು ಬರೆದು ಈ ಡಬ್ಬಿಗೆ ಹಾಕುತ್ತಿದ್ದರು. ಗೋಡೆಯ ಮೇಲೆ ಏಳು ಮೀನಾದವು. ಎಂಟನೆಯದಕ್ಕೆ ಗಿರಿಜೆಯೇ ಜಾಗ ಗೀಟು ಹಾಕಿಟ್ಟಳು.

ಎಂಟನೆಯದು ಹಾವುಮೀನು. ಅದು ಕೆರೆಯ ತಳದ ಕೆಸರಲ್ಲಿ ಹುಳ ಹುಡುಕುತ್ತ ಇರುವ ಪ್ರಾಣಿ, ಮೇಲೆ ತೇಲುವ ಪುಕ್ಕವನ್ನು ತಿರುಗಿಯೂ ನೋಡುವುದಿಲ್ಲ. ಮೂರು ತಿಂಗಳು ಕಾದೆವು. ಅಷ್ಟರಲ್ಲಿ ಬೆಂಗಳೂರಿನ ಆಸ್ಪತ್ರೆಯಿಂದ ಕಾಗದ ಬಂತು: ಮಂಗಳವಾರ ಮಗುವನ್ನು ಸೇರಿಸಬೇಕು, ಆಪರೇಷನ್. ಅಪ್ಪ ಅನ್ನ ಬಿಟ್ಟವರಂತಾದರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಇಬ್ಬರೂ ಮದಲೂರು ಕೆರೆಗೆ ಓಡಿದೆವು. ಹೊತ್ತು ಇಳಿಯತೊಡಗಿತು. ಗಾಳವನ್ನು ನನ್ನ ಕೈಗೆ ಕೊಟ್ಟು ಅಪ್ಪ ಏರಿಯಾಚೆ ನೀರು ಕುಡಿಯಲು ಹೋದರು. ತೂಬಿನ ನೆರಳಿನಲ್ಲಿ ಹಸಿಮಣ್ಣಿತ್ತು, ಬೆರಳಾಡಿಸಿದರೆ ಎರೆಹುಳ. ನಾನು ನೊಣದ ಗಾಳ ಬಿಚ್ಚಿ, ಬರೀ ಗಾಳ ಕಟ್ಟಿ, ಹುಳ ಸಿಕ್ಕಿಸಿ ಬಿಟ್ಟೆ. ಅದು ಗಾಳದ ಮೇಲೆ ಹೊರಳಾಡಿದ್ದು ಇವತ್ತಿಗೂ ಬೆರಳಿಗೆ ನೆನಪಿದೆ. ಗಳ ಬಾಗಿತು. ನಾನು ಕೂಗಿದೆ, ಅಪ್ಪ ಓಡಿ ಬಂದರು. ನನಗೆ ಬೆನ್ನು ಮಾಡಿ ಕೂತು ಹಾವುಮೀನಿನ ಬಾಯಿಂದ ಗಾಳ ಬಿಡಿಸಿದರು, ಬಹಳ ಹೊತ್ತು ಹಿಡಿಯಿತು. "ಪುಕ್ಕ ಕಿತ್ತೋಗ್ಯದೆ ಕಣಪ್ಪ" ಎಂದೆ. "ಹೂಂ. ಸಿಕ್ತಲ್ಲ, ಬುಡು" ಎಂದು ನನ್ನ ತಲೆ ಸವರಿದರು. ಅಂದು ಸಂಜೆ ಗೋಡೆಯ ಮೇಲೆ ಚಿತ್ರ ಬರೆಯಲಿಲ್ಲ. ನಾಳೆ ಬರಿತೀನಿ ಮಗಳೇ ಎಂದರು.

ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಪ್ಪ ಮನೆಯಲ್ಲಿರಲಿಲ್ಲ. ಬಿಸಿಲೇರುವ ಹೊತ್ತಿಗೆ ಗಿರಿಜೆಗೆ ಉಸಿರು ಕಟ್ಟತೊಡಗಿತು. ಕುಕ್ಕರಗಾಲಲ್ಲಿ ಕೂತರೂ ತಿಳಿಯಾಗಲಿಲ್ಲ. ಅಪ್ಪ ಎಲ್ಲಿ, ಅಪ್ಪ ಎಲ್ಲಿ ಎಂದು ಕೇಳುತ್ತಲೇ ಅಮ್ಮನ ತೊಡೆಯ ಮೇಲೆ ತಣ್ಣಗಾದಳು. ನಾನು ಸೈಕಲ್ ತುಳಿದುಕೊಂಡು ಕೆರೆಗೆ ಹೋದೆ. ಅಪ್ಪ ಸೊಂಟದವರೆಗೆ ನೀರಲ್ಲಿ ನಿಂತು ಗಾಳ ಬಿಡುತ್ತಿದ್ದರು. ಎಂಟೂ ಮೀನು ಮುಗಿದ ಮೇಲೂ ಯಾಕೆ ಬಂದರೋ ಎಂದು ನನಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಮ್ಮ ಒಂದೇ ಒಂದು ಸಲ ಅಂದಳು. "ಮಗು ಹೋಗೋವಾಗ ನೀವು ಮೀನಿನತ್ರ ಇದ್ರಿ." ಅಪ್ಪ ತಲೆ ತಗ್ಗಿಸಿದರು. ಆಮೇಲೆ ಎಷ್ಟೋ ವರ್ಷ ಅವರಿಬ್ಬರ ನಡುವೆ ಮಾತೆಂದರೆ ನಾನೇ. "ಊಟಕ್ಕೆ ಕರಿಯೋ ಅವರನ್ನ" ಎಂದು ಅಮ್ಮ, "ಉಂಡಾಯ್ತು ಅನ್ನು" ಎಂದು ಅಪ್ಪ. ಹರಕೆಯ ವಿಷಯ ಅಮ್ಮನಿಗೆ ಹೇಳಬಹುದಿತ್ತು. ಹೇಳಿದರೆ ಎರೆಹುಳದ ವಿಷಯವೂ ಬರುತ್ತಿತ್ತು. ನಾನು ಕಟ್ಟುಪಾಡು ಮುರಿದದ್ದಕ್ಕೇ ಗಿರಿಜೆ ಹೋದಳೆಂದು ಒಳಗೊಳಗೇ ಬೆಂದೆ, ಬಾಯಿ ಬಿಡಲಿಲ್ಲ.

ಡಬ್ಬಿಯಲ್ಲಿ ಏಳು ಚೀಟಿಗಳಲ್ಲಿ ಏಳು ನೊಣಗಳಿದ್ದವು, ಪುಕ್ಕ ಪುಡಿಪುಡಿಯಾಗಿತ್ತು. ಎಂಟನೆಯ ಚೀಟಿಯಲ್ಲಿ ಬರೀ ಗಾಳ. ಅಪ್ಪನ ದುಂಡು ಅಕ್ಷರ: "ಹಾವುಮೀನು. ಎರೆಹುಳ. ಲೆಕ್ಕಕ್ಕಿಲ್ಲ. ನಾಳೆ ಮತ್ತೆ ಹಿಡಿಯಬೇಕು. ಹುಡುಗನಿಗೆ ಹೇಳುವುದು ಬೇಡ."

ಕೆಳಗಿಳಿದು ಬಂದು ಡಬ್ಬಿಯನ್ನು ಅಮ್ಮನ ಮಡಿಲಲ್ಲಿಟ್ಟು, ಏನನ್ನೂ ಬಿಡದೆ ಹೇಳಿದೆ. ಅಮ್ಮ ಚೀಟಿಯ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದಿದಳು. "ಸಾಯೋಗಂಟ ಒಂದ್ ಮಾತು ಅನ್ಲಿಲ್ವಲ್ಲೋ" ಎಂದಳು. ಅಂದಿದ್ದರೆ ನನ್ನ ಹೆಸರು ಹೇಳಬೇಕಾಗುತ್ತಿತ್ತು ಎಂದೆ. ಅವಳು ಗಾಳವನ್ನು ಅಂಗೈಯಲ್ಲಿಟ್ಟುಕೊಂಡು ಅದರ ಮೊನೆ ಸವರಿದಳು. ಆಮೇಲೆ ಕೇಳಿದಳು.

"ಅವತ್ತು ಭಾನ್ವಾರ ಸಿಕ್ತೇನೋ ಅವ್ರಿಗೆ?"

"ಇಲ್ಲ ಕಣಮ್ಮ. ಅಷ್ಟ್ರಲ್ಲಿ ನಾನೇ ಹೋಗಿ ಕರ್ಕಂಬಂದ್ಬುಟ್ಟೆ."

ಅಮ್ಮ ಗಾಳವನ್ನು ಅದೇ ಚೀಟಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿದಳು. ಮುಚ್ಚಳ ಮುಚ್ಚಲಿಲ್ಲ.